ಮನೆಯಲ್ಲೇ ಕಾಗದ: ಕೊಂಬೆಯ ನಾರಿನಿಂದ ಬರೆಯುವ ಹಾಳೆಯವರೆಗೆ ಸಮಗ್ರ ಮಾರ್ಗದರ್ಶಿ

ಪುಣೆಯ ಕನ್ನಡ ಬಳಗದಲ್ಲಿ ಮನೆಯಲ್ಲೇ ಕಾಗದ ಮಾಡಲು ಹೊರಟವರು ತುಂಬ ಜನ ಇದ್ದಾರೆ. ಕೆಲವರು ಮಕ್ಕಳ ಶಾಲೆಯ ಪ್ರಾಜೆಕ್ಟ್‌ಗೆ, ಕೆಲವರು ಗೃಹಪ್ರವೇಶದ ಕರೆಯೋಲೆಗೆ, ಇನ್ನು ಕೆಲವರು ಸುಮ್ನೆ ಆಸೆಗೆ ಶುರುಮಾಡಿದವರು. ಅವರು ಕಳಿಸುವ ಫೋಟೊಗಳಲ್ಲಿ ಕಾಣುವ ತೊಂದರೆ ಮೂರೇ. ಹಾಳೆ ಮುಟ್ಟಿದರೆ ಪುಡಿಯಾಗುತ್ತದೆ. ಇಲ್ಲವೇ ನೀರಿನಿಂದ ನಾರು ಎತ್ತುವ ಜಾಲರಿಗೆ ಅಂಟಿಕೊಂಡು ಚೂರು ಚೂರಾಗಿ ಏಳುತ್ತದೆ. ಇಲ್ಲವೇ ಒಣಗಿದ ಮೇಲೆ ಹಪ್ಪಳದ ಥರ ಮುದುಡುತ್ತದೆ.

ಮೂರಕ್ಕೂ ಜನ ಹುಡುಕುವ ಮದ್ದು ಒಂದೇ, ಅಂಟು. ಒಬ್ಬರು ಫೆವಿಕಾಲ್ ಸುರಿಯುತ್ತಾರೆ, ಇನ್ನೊಬ್ಬರು ಮೈದಾ ಗೋಂದು ಕಲಸುತ್ತಾರೆ. ದಯವಿಟ್ಟು ಬೇಡ. ನಾರು ಸರಿಯಾಗಿ ಬೆಂದು, ಚೆನ್ನಾಗಿ ತೊಳೆದು, ಹದವಾಗಿ ಜಜ್ಜಿದ್ದರೆ ತಾನಾಗಿಯೇ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ನೀರು ಆರುತ್ತಾ ಬಂದಂತೆ ನಾರುಗಳು ಹತ್ತಿರ ಬರುತ್ತವೆ. ನಾರಿನ ಮುಖ್ಯ ವಸ್ತುವಾದ ಸೆಲ್ಯುಲೋಸ್ ನಡುವೆ ಹೈಡ್ರೋಜನ್ ಬಂಧ ಏರ್ಪಡುತ್ತದೆ. ಕಾಗದದ ಗಟ್ಟಿತನ ಅಲ್ಲಿಂದಲೇ ಬರುವುದು. ಅಂಟು ಹಾಕಬೇಕು ಅನ್ನಿಸಿದರೆ ಹಿಂದಿನ ಯಾವುದೋ ಹಂತ ಕೆಟ್ಟಿದೆ ಎಂದೇ ತಿಳಿಯಿರಿ. ಹಾಗಾಗಿ ಇಲ್ಲಿ ಜಾಲರಿ ಕೈಗೆತ್ತಿಕೊಳ್ಳುವ ಮುಂಚಿನ ಕೆಲಸಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲೇ ಒಂದು ಮಾತು: ಮರದ ಹೊಟ್ಟು ಕುದಿಸಬೇಡಿ

ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಿಂದ ಒಂದು ಚೀಲ ಹೊಟ್ಟು ತಂದು, ಸೋಡಾ ಹಾಕಿ ದಿನವಿಡೀ ಕುದಿಸಿದವರಿದ್ದಾರೆ. ಕಾಗದ ಮರದಿಂದಲೇ ಬರುತ್ತದೆ, ಹೊಟ್ಟು ಮರದ್ದೇ ತಾನೇ ಎನ್ನುವ ಲೆಕ್ಕ. ಆದರೆ ಅದರಿಂದ ಹಾಳೆ ಬರುವುದಿಲ್ಲ.

ಒಣ ಮರದಲ್ಲಿ ನೂರಕ್ಕೆ 40ರಿಂದ 45 ಭಾಗ ಸೆಲ್ಯುಲೋಸ್ ಇರುತ್ತದೆ. 20ರಿಂದ 30 ಭಾಗ ಲಿಗ್ನಿನ್. ಉಳಿದದ್ದರಲ್ಲಿ ಹೆಚ್ಚಿನ ಪಾಲು ಹೆಮಿಸೆಲ್ಯುಲೋಸ್. ನಾರು ನಾರನ್ನು ಕಚ್ಚಿ ಹಿಡಿದಿರುವುದು ಈ ಲಿಗ್ನಿನ್. ಅದು ಕರಗದೆ ನಾರು ಬಿಡುವುದಿಲ್ಲ. ದಾಂಡೇಲಿಯಂಥ ಊರಿನ ದೊಡ್ಡ ಕಾರ್ಖಾನೆಯಲ್ಲಿ ನೀಲಗಿರಿ, ಸುಬಾಬುಲ್, ಗಾಳಿ ಮರಗಳ ತೊಗಟೆ ತೆಗೆದು, ಚಕ್ಕೆ ಮಾಡಿ, ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ದ್ರಾವಣದಲ್ಲಿ 160ರಿಂದ 170 ಡಿಗ್ರಿ ಶಾಖದಲ್ಲಿ, ಒತ್ತಡದಲ್ಲಿ ಬೇಯಿಸುತ್ತಾರೆ. ಇದಕ್ಕೆ ಕ್ರಾಫ್ಟ್ ವಿಧಾನ ಎನ್ನುತ್ತಾರೆ. ನೂರು ಕಿಲೋ ಒಣ ಮರಕ್ಕೆ 45ರಿಂದ 50 ಕಿಲೋ ಪಲ್ಪ್, ಅಂದರೆ ಬಿಡಿಯಾದ ನಾರಿನ ಮುದ್ದೆ, ಸಿಗುತ್ತದೆ. ಮಿಕ್ಕಿದ್ದು ಕಪ್ಪು ದ್ರಾವಣಕ್ಕೆ ಇಳಿಯುತ್ತದೆ. ಅದನ್ನು ಬಾಯ್ಲರಿನಲ್ಲಿ ಉರಿಸಿ ಹಬೆ ಪಡೆಯುತ್ತಾರೆ, ರಾಸಾಯನಿಕವನ್ನೂ ಮರಳಿ ತೆಗೆಯುತ್ತಾರೆ.

ಮನೆಯ ಕುಕ್ಕರ್ 120 ಡಿಗ್ರಿ ಆಸುಪಾಸಿಗೆ ನಿಲ್ಲುತ್ತದೆ. ಸಲ್ಫೈಡ್ ಅಂತೂ ವಿಷಾನಿಲ ಬಿಡುವ ವಸ್ತು, ಅದು ಮನೆಯೊಳಗೆ ಬರಲೇಬಾರದು. ಇನ್ನು ಗರಗಸದ ಹೊಟ್ಟಿನಲ್ಲಿ ನಾರುಗಳು ಮೊದಲೇ ತುಂಡಾಗಿರುತ್ತವೆ. ಬೆಂದರೂ ಹೆಣೆದುಕೊಳ್ಳಲು ಉದ್ದವೇ ಇರುವುದಿಲ್ಲ.

ನಮಗೆ ಉಳಿದ ದಾರಿ ಎರಡು. ಕಾರ್ಖಾನೆ ಈಗಾಗಲೇ ಬೇಯಿಸಿಕೊಟ್ಟ ಮರದ ನಾರು ರಟ್ಟಿನ ಪೆಟ್ಟಿಗೆಯಲ್ಲಿದೆ. ಲಿಗ್ನಿನ್ ಕಡಿಮೆ ಇರುವ ಉದ್ದ ನಾರು ಕೊಂಬೆಯ ಒಳತೊಗಟೆಯಲ್ಲಿದೆ. ಎರಡನ್ನೂ ಬೆರೆಸಿದರೆ ಗಟ್ಟಿ ಹಾಳೆ ಬರುತ್ತದೆ. ಈ ಮಾರ್ಗದರ್ಶಿ ಇರುವುದು ಆ ಮಿಶ್ರಣಕ್ಕೆ.

ಬೇಕಾದ ಸಾಮಾನು

ಬೇಯಿಸಲು ಐದು ಲೀಟರಿನ ಸ್ಟೀಲ್ ಪಾತ್ರೆ ಬೇಕು. ಅಲ್ಯೂಮಿನಿಯಂ ಮಾತ್ರ ಬೇಡ. ಬೇಯಿಸಲು ಹಾಕುವ ಸೋಡಾದ ಕ್ಷಾರ ಅದನ್ನು ತಿನ್ನುತ್ತದೆ, ಹೈಡ್ರೋಜನ್ ಅನಿಲ ಬರುತ್ತದೆ, ಪಲ್ಪ್ ಕೂಡ ಕಪ್ಪಾಗುತ್ತದೆ. ಒಮ್ಮೆ ಸೋಡಾ ಹಾಕಿದ ಪಾತ್ರೆಯನ್ನು ಅಡುಗೆಗೆ ವಾಪಸ್ ತರಬೇಡಿ. ತುಳಶಿಬಾಗಿನಲ್ಲಿ ಒಂದು ಸಾದಾ ಪಾತ್ರೆ ಕೊಂಡು ಇದಕ್ಕೇ ಇಟ್ಟುಬಿಡಿ.

ಇದರ ಜೊತೆಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಗ್ರಾಂ ತೂಗುವ ತಕ್ಕಡಿ, ಮರದ ಕೊಡತಿ, ಚಪ್ಪಟೆ ಕಲ್ಲು, 20 ಲೀಟರ್ ನೀರು ತುಂಬಿದ ಮೇಲೂ ಜಾಗ ಉಳಿಯುವ ಅಗಲವಾದ ಟಬ್, ಹಳೆಯ ಮಿಕ್ಸರ್, ಹಳೆಯ ಪಂಚೆ ಅಥವಾ ಹತ್ತಿ ಬೆಡ್‌ಶೀಟಿನ ತುಂಡುಗಳು, ಎರಡು ಪ್ಲೈವುಡ್ ಹಲಗೆ, ನಾಲ್ಕು ಸಿ-ಕ್ಲ್ಯಾಂಪ್ ಮತ್ತು ಒಣಗಿಸಲು ಗಾಜು. ಗಾಜಿಗೆ ಬದಲು ನುಣುಪಾದ ಹಲಗೆಯೂ ಆದೀತು.

ಎಲ್ಲಕ್ಕಿಂತ ಮುಖ್ಯ ಚೌಕಟ್ಟು. ಒಂದೇ ಅಳತೆಯ ಎರಡು ಮರದ ಚೌಕಟ್ಟು ಬೇಕು, ಒಳ ಅಳತೆ ಎ4 ಹಾಳೆಯಷ್ಟಿರಲಿ. ಒಂದಕ್ಕೆ ಜಾಲರಿ ಬಿಗಿಯಬೇಕು. ಇನ್ನೊಂದು ಖಾಲಿ, ಅದು ಮೇಲೆ ಕೂರುತ್ತದೆ, ಅದರ ಎತ್ತರ ಎರಡು ಸೆಂಟಿಮೀಟರ್ ಸಾಕು. ಜಾಲರಿ ಇಂಚಿಗೆ 30ರಿಂದ 40 ಕಣ್ಣಿನದು. ಸ್ಕ್ರೀನ್ ಪ್ರಿಂಟಿಂಗಿನ ನುಣುಪು ಬಟ್ಟೆ ಬೇಡ, ನೀರು ಇಳಿಯುವುದಿಲ್ಲ. ಸೊಳ್ಳೆ ಪರದೆಯ ಬಟ್ಟೆಯೂ ಬೇಡ, ಅದು ಜೋಲು ಬೀಳುತ್ತದೆ. ರವಿವಾರ ಪೇಠೆಯ ಬೋಹ್ರಿ ಆಳಿಯ ಸುತ್ತಮುತ್ತ ಕೇಳಿದರೆ ಜಾಲರಿ, ಕ್ಲ್ಯಾಂಪ್ ಎರಡೂ ಸಿಗುತ್ತವೆ. ಬೆರಳಿಂದ ಮೀಟಿದರೆ ಜಾಲರಿ ಬಿಗಿಯಾಗಿ ಕೇಳಬೇಕು. ನಡುವೆ ತಗ್ಗಿದ್ದರೆ ಅಲ್ಲಿ ಪಲ್ಪ್ ಜಾಸ್ತಿ ನಿಲ್ಲುತ್ತದೆ, ಹಾಳೆ ಏಳುವಾಗ ಅಲ್ಲೇ ಹರಿಯುತ್ತದೆ. ಚೌಕಟ್ಟಿಗೆ ಹಿತ್ತಾಳೆ ಇಲ್ಲವೇ ಸ್ಟೀಲ್ ಸ್ಕ್ರೂ ಹಾಕಿ. ಕಬ್ಬಿಣದ ಮೊಳೆ ತುಕ್ಕು ಬಿಟ್ಟರೆ ಹಾಳೆಗೆ ಕಲೆ.

ಸುಲಿದು ಒಣಗಿಸಿದ ತೊಗಟೆ ಕೈಯಲ್ಲಿದ್ದರೆ ಒಂದು ವಾರಾಂತ್ಯದ ಲೆಕ್ಕ ಹೀಗಿದೆ. ಶುಕ್ರವಾರ ರಾತ್ರಿ ನೆನೆಹಾಕುವುದು, ಶನಿವಾರ ಬೇಯಿಸಿ ತೊಳೆದು ಜಜ್ಜುವುದು, ಭಾನುವಾರ ಹಾಳೆ ಎತ್ತುವುದು. ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದವರು ತೊಳೆಯುವುದನ್ನೋ ಜಜ್ಜುವುದನ್ನೋ ಅರ್ಧಕ್ಕೆ ಬಿಡುತ್ತಾರೆ.

ಹಂತ 1: ನಾರನ್ನು ಆರಿಸುವುದು

ಮೊದಲ ಆಯ್ಕೆ ಹಿಪ್ಪುನೇರಳೆ. ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಈ ಗಿಡದ ಪರಿಚಯ ಹೇಳಬೇಕಿಲ್ಲ. ಪುಣೆಯ ಹಳೆಯ ಸೊಸೈಟಿ, ಬಂಗಲೆಗಳ ಅಂಗಳದಲ್ಲೂ ಇದೆ. ಮರಾಠಿಯಲ್ಲಿ ತುತಿ ಎಂದು ಕೇಳಿ. ಚಳಿಗಾಲದಲ್ಲಿ ಸವರಿದಾಗ ಬೀಳುವ, ಬೆರಳು ದಪ್ಪದ, ಒಂದು ವರ್ಷದೊಳಗಿನ ನೇರ ಕೊಂಬೆ ನಮಗೆ ಬೇಕಾದ್ದು. ಮಾಲಿಗೆ ಮೊದಲೇ ಹೇಳಿಟ್ಟರೆ ತೆಗೆದಿಡುತ್ತಾರೆ. ನೀವಾಗಿ ಮರಕ್ಕೆ ಕತ್ತಿ ಹಾಕಬೇಡಿ. ಮಹಾರಾಷ್ಟ್ರದ ನಗರಗಳಲ್ಲಿ ಮರ ಕಡಿಯಲು, ಸವರಲು ಅನುಮತಿ ಬೇಕು.

ಹಿಪ್ಪುನೇರಳೆ ಸಿಗದಿದ್ದರೆ ಪುಂಡಿ. ಉತ್ತರ ಕರ್ನಾಟಕದವರು ಪಲ್ಯಕ್ಕೆ ಹುಡುಕಿಕೊಂಡು ಹೋಗುವ, ಇಲ್ಲಿನ ಮಂಡಿಯಲ್ಲಿ ಅಂಬಾಡಿ ಎನ್ನುವ ಅದೇ ಗಿಡ. ಆದರೆ ಸೊಪ್ಪಿನ ಕಟ್ಟಿನ ಎಳೆ ದಂಟಲ್ಲಿ ನಾರು ಕಡಿಮೆ, ಬಲಿತ ದಂಟೇ ಬೇಕು. ಬಾಳೆದಿಂಡಿನ ಹೊರಪದರವೂ ಆಗುತ್ತದೆ. ಗೋವಾದ ತೋಟಗಳಲ್ಲಿ ಗೊನೆ ಕಡಿದ ಮೇಲೆ ಬೀಳುವ ದಿಂಡು, ಮುಂಬೈ ಪುಣೆಯಲ್ಲಿ ಸತ್ಯನಾರಾಯಣ ಪೂಜೆ ಮುಗಿದ ಮೇಲೆ ಎಸೆಯುವ ಬಾಳೆಕಂಬ, ಎಲ್ಲವೂ ಕೆಲಸಕ್ಕೆ ಬರುತ್ತವೆ. ಬಾಳೆಯಲ್ಲಿ ನೀರೂ ಮೆದು ತಿರುಳೂ ಜಾಸ್ತಿ. ಮೊಂಡು ಚಾಕುವಿನಿಂದ ಹೆರೆದು ಬರೀ ನಾರು ಉಳಿಸಿಕೊಳ್ಳಬೇಕು.

ರಟ್ಟಿನ ಆಯ್ಕೆಗೆ ಒಂದು ಪರೀಕ್ಷೆ ಇದೆ, ಹರಿದು ನೋಡುವುದು. ಹರಿದ ಅಂಚಲ್ಲಿ ಉದ್ದುದ್ದ ಕೂದಲಿನಂಥ ಎಳೆ ಕಂಡರೆ ಒಳ್ಳೆಯ ನಾರು. ಅಂಚು ಮೊಂಡಾಗಿ, ಪುಡಿಪುಡಿಯಾಗಿ ಹರಿದರೆ ಅದು ಹಲವು ಬಾರಿ ಮರುಬಳಕೆಯಾದ ರಟ್ಟು. ನಾರು ಒಣಗಿ ನೆನೆದು ಒಣಗಿದಂತೆಲ್ಲ ಬಿರುಸಾಗುತ್ತದೆ, ಮತ್ತೆ ಹಿಡಿದುಕೊಳ್ಳುವ ಗುಣ ಕಳೆದುಕೊಳ್ಳುತ್ತದೆ. ಹೊರದೇಶದಿಂದ ಬರುವ ಸೇಬಿನ ಪೆಟ್ಟಿಗೆಗಳನ್ನು ಹಣ್ಣಿನ ಅಂಗಡಿಯಲ್ಲಿ ಕೇಳಿ ನೋಡಿ. ಅವುಗಳಲ್ಲಿ ಹೆಚ್ಚಾಗಿ ಪೈನ್ ಜಾತಿಯ ಮರದ ನಾರು ಇರುತ್ತದೆ. ಅದು ಮೂರು ಮಿಲಿಮೀಟರ್ ಆಸುಪಾಸು ಉದ್ದ. ನಮ್ಮ ನೀಲಗಿರಿಯ ನಾರು ಒಂದು ಮಿಲಿಮೀಟರ್ ಕೂಡ ದಾಟುವುದು ಕಷ್ಟ.

ಅಂಗಡಿಯ ಬಿಲ್ಲಿನ ಕಾಗದ ಬೇಡ, ಅದರ ಮೇಲೆ ರಾಸಾಯನಿಕ ಲೇಪ ಇರುತ್ತದೆ. ಹಾಲು, ಜ್ಯೂಸಿನ ಪೆಟ್ಟಿಗೆ ಬೇಡ, ಒಳಗೆ ಪ್ಲಾಸ್ಟಿಕ್ ಪದರ. ಮಿರುಗುವ ಪತ್ರಿಕೆಯೂ ಬೇಡ, ಅದರಲ್ಲಿ ಮಣ್ಣಿನ ಪುಡಿಯೇ ಜಾಸ್ತಿ. ದಿನಪತ್ರಿಕೆಯ ಕಾಗದದಲ್ಲಿ ಲಿಗ್ನಿನ್ ಹಾಗೇ ಉಳಿದಿರುತ್ತದೆ. ಬಿಸಿಲಿಗಿಟ್ಟರೆ ಅದು ಹಳದಿಯಾಗುವುದು ಅದಕ್ಕೇ ಅಲ್ವಾ. ನಿಮ್ಮ ಹಾಳೆಯೂ ಹಾಗೇ ಆಗುತ್ತದೆ.

ಹಂತ 2: ಒಳತೊಗಟೆ ಬಿಡಿಸುವುದು

ಕೊಂಬೆಗಳನ್ನು ಗೇಣುದ್ದ ಕತ್ತರಿಸಿ ಇಡ್ಲಿ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಹಬೆಯಲ್ಲಿಡಿ. ಇಲ್ಲಿ ಸೋಡಾ ಇಲ್ಲ, ಹಾಗಾಗಿ ಅಡುಗೆ ಪಾತ್ರೆ ನಡೆಯುತ್ತದೆ. ಬಿಸಿ ಇರುವಾಗಲೇ ತುದಿಯಲ್ಲಿ ಸೀಳಿ ಎಳೆದರೆ ತೊಗಟೆ ಪಟ್ಟಿಯಾಗಿ ಬರುತ್ತದೆ. ತಣ್ಣಗಾದರೆ ಮತ್ತೆ ಕಚ್ಚಿಕೊಳ್ಳುತ್ತದೆ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಹೊರತೆಗೆಯಿರಿ.

ಆ ಪಟ್ಟಿಯ ಹೊರಗಿನ ಕಂದು ಸಿಪ್ಪೆಯನ್ನೂ ಅದರ ಕೆಳಗಿನ ಹಸಿರು ಪದರವನ್ನೂ ಚಾಕುವಿನ ಬೆನ್ನಿನಿಂದ ಕೆರೆದು ತೆಗೆಯಬೇಕು. ಬಿಟ್ಟರೆ ಹಾಳೆಯಲ್ಲಿ ಕಪ್ಪು ಚುಕ್ಕಿ ಬೀಳುತ್ತದೆ. ಬೇಕೆಂದೇ ಹಾಗೆ ಬಿಡುವವರೂ ಇದ್ದಾರೆ, ಆದರೆ ಚುಕ್ಕಿ ಇದ್ದಲ್ಲಿ ಪೆನ್ನು ಎಡವುತ್ತದೆ. ಕೆರೆದ ಬಿಳಿ ಪಟ್ಟಿಗಳನ್ನು ನೆರಳಲ್ಲಿ ಗರಿಗರಿಯಾಗಿ ಒಣಗಿಸಿ ತೂಗಿ. ಒಂದು ದೊಡ್ಡ ಹೊರೆ ಕೊಂಬೆಗೆ ಸಿಗುವುದು ಕೆಲವೇ ಹಿಡಿ. ಬೇಯಿಸುವಾಗ ಅದರಲ್ಲೂ ಮೂರನೇ ಒಂದರಿಂದ ಅರ್ಧದಷ್ಟು ಕರಗಿ ಹೋಗುತ್ತದೆ. ಅದಕ್ಕೇ ನಾವು ರಟ್ಟು ಬೆರೆಸುವುದು.

ಹಂತ 3: ಬೇಯಿಸುವುದು

ಒಣ ಪಟ್ಟಿಯನ್ನು ರಾತ್ರಿ ಇಡೀ ನೆನೆಹಾಕಿ. ಒಣ ನಾರು ನೇರವಾಗಿ ಕ್ಷಾರಕ್ಕೆ ಬಿದ್ದರೆ ಹೊರಗೆ ಬೆಂದು ಒಳಗೆ ಹಸಿಯಾಗಿ ಉಳಿಯುತ್ತದೆ.

100 ಗ್ರಾಂ ಒಣ ನಾರಿಗೆ ಎರಡು ಲೀಟರ್ ನೀರು, 20 ಗ್ರಾಂ ಒಗೆಯುವ ಸೋಡಾ. ಅಂಗಡಿಯಲ್ಲಿ ಧುಣ್ಯಾಚಾ ಸೋಡಾ ಎಂದು ಕೇಳಿ. ಜನ ಅತಿ ಹೆಚ್ಚು ಎಡವುವುದು ಇಲ್ಲಿ, ಅಡುಗೆ ಸೋಡಾ ತಂದುಬಿಡುತ್ತಾರೆ. ಅದು ಬೇರೆ ವಸ್ತು, ಈ ಕೆಲಸಕ್ಕೆ ಅದರ ಬಲ ಸಾಲದು. ಇನ್ನೊಂದು ಗಮನಿಸಿ. ಒಗೆಯುವ ಸೋಡಾ ಎರಡು ರೂಪದಲ್ಲಿ ಸಿಗುತ್ತದೆ. ಬಿಳಿ ಒಣ ಪುಡಿಯಾದರೆ 20 ಗ್ರಾಂ ಸರಿ. ಗಾಜಿನಂಥ ಹರಳಾದರೆ ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ, ಆಗ 50ರಿಂದ 55 ಗ್ರಾಂ ಬೇಕು. ಚರಂಡಿ ಕ್ಲೀನರಿನಲ್ಲಿರುವ ಕಾಸ್ಟಿಕ್ ಸೋಡಾದ ಆಸೆಗೆ ಬೀಳಬೇಡಿ. ಬೇಗ ಬೇಯುತ್ತದೆ ನಿಜ. ಆದರೆ ಚರ್ಮ, ಕಣ್ಣು ಸುಡುತ್ತದೆ, ಮಕ್ಕಳಿರುವ ಮನೆಗೆ ಅದು ಹೇಳಿದ್ದಲ್ಲ.

ನೀರು ಬಿಸಿಯಾದ ಮೇಲೆ ಸೋಡಾವನ್ನು ಸ್ವಲ್ಪ ಸ್ವಲ್ಪ ಹಾಕಿ ಕರಗಿಸಿ. ಕುದಿಯುವ ನೀರಿಗೆ ಒಮ್ಮೆಲೇ ಸುರಿದರೆ ಉಕ್ಕುತ್ತದೆ. ಸೋಡಾ ಕರಗಿದ ಮೇಲೆ ನಾರು ಇಳಿಸಿ, ಸಣ್ಣ ಕುದಿಯಲ್ಲಿ ಎರಡರಿಂದ ಮೂರು ಗಂಟೆ ಬೇಯಿಸಿ. ಅರ್ಧ ಗಂಟೆಗೊಮ್ಮೆ ಮೇಲೆ ಕೆಳಗೆ ಮಾಡಿ. ನಾರು ಯಾವಾಗಲೂ ನೀರಿನೊಳಗೇ ಮುಳುಗಿರಬೇಕು. ಕಿಟಕಿ ತೆರೆದಿರಲಿ.

ಗಡಿಯಾರ ನೋಡಿ ಇಳಿಸಬೇಡಿ, ನಾರು ನೋಡಿ ಇಳಿಸಿ. ಒಂದು ಪಟ್ಟಿಯನ್ನು ತಣ್ಣೀರಲ್ಲಿ ಅದ್ದಿ ಅಡ್ಡಕ್ಕೆ ಹಿಗ್ಗಿಸಿ. ಬಲೆಯಂತೆ ಬಿಡಿಸಿಕೊಂಡರೆ ಆಯಿತು. ಎಳೆದರೆ ಬಿಗಿಯಾಗಿ ನಿಂತರೆ, ಗಂಟು ಸಿಕ್ಕರೆ, ಇನ್ನೂ ಅರ್ಧ ಗಂಟೆ. ಅತಿಯಾಗಿ ಬೆಂದರೆ ಉದ್ದಕ್ಕೆ ಎಳೆದಾಗಲೂ ಲೋಳೆಯಂತೆ ಕಿತ್ತುಬರುತ್ತದೆ, ಅಂಥ ನಾರಿನ ಹಾಳೆಗೆ ಬಲ ಇರುವುದಿಲ್ಲ. ಅರೆಬೆಂದ ನಾರು ಮಾತ್ರ ಯಾವ ಮುಂದಿನ ಹಂತದಲ್ಲೂ ಸರಿಹೋಗುವುದಿಲ್ಲ. ಎಷ್ಟು ಜಜ್ಜಿದರೂ ಗಂಟು ಗಂಟಾಗಿಯೇ ಇರುತ್ತದೆ. ಅನುಮಾನ ಬಂದರೆ ಇನ್ನೊಂದು ಸುತ್ತು ಬೇಯಿಸುವುದೇ ವಾಸಿ.

ಹಂತ 4: ತೊಳೆಯುವುದು, ಅರಿಶಿನದ ಪರೀಕ್ಷೆ

ಬೆಂದ ನೀರು ಗಾಢ ಕಂದು. ಕರಗಿದ ಲಿಗ್ನಿನ್, ಅಂಟು, ಸೋಡಾ ಎಲ್ಲ ಅದರಲ್ಲಿದೆ. ಪೂರ್ತಿ ತಣ್ಣಗಾಗಲು ಬಿಟ್ಟು, ಗ್ಲೌಸ್ ಹಾಕಿಕೊಂಡು, ಬಟ್ಟೆಯ ಚೀಲದಲ್ಲಿ ನಾರು ಕಟ್ಟಿ ನೀರು ಬದಲಿಸುತ್ತಾ ತೊಳೆಯಿರಿ.

ನೀರು ತಿಳಿಯಾದ ಕೂಡಲೇ ಜನ ನಿಲ್ಲಿಸುತ್ತಾರೆ. ತಿಳಿ ನೀರಿನಲ್ಲೂ ಸೋಡಾ ಇರಬಹುದು. ಪರೀಕ್ಷೆ ಮನೆಯಲ್ಲೇ ಇದೆ. ಆರತಿಗೆ ಅರಿಶಿನ ಸುಣ್ಣ ಸೇರಿಸಿ ಕೆಂಪು ನೀರು ಮಾಡುತ್ತೇವಲ್ಲ, ಅದೇ ಗುಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಅರಿಶಿನ ಕಲಸಿದ ನೀರನ್ನು ಬಿಳಿ ಕಾಗದಕ್ಕೆ ಬಳಿದು ಒಣಗಿಸಿ ಪಟ್ಟಿ ಮಾಡಿಟ್ಟುಕೊಳ್ಳಿ. ನಾರು ಹಿಂಡಿದ ನೀರಿನ ಒಂದು ಹನಿ ಅದರ ಮೇಲೆ ಬಿಡಿ. ಕೆಂಪಾದರೆ ಕ್ಷಾರ ಉಳಿದಿದೆ, ಮತ್ತೆ ತೊಳೆಯಿರಿ. ಹಳದಿಯಾಗೇ ಇದ್ದರೆ ಸಾಕು.

ಉಳಿದ ಕ್ಷಾರ ಕಾಲ ಕಳೆದಂತೆ ಹಾಳೆಯ ಬಣ್ಣ ಕೆಡಿಸುತ್ತದೆ, ಜಜ್ಜುವಾಗ ಕೈಯನ್ನೂ ಸುಡುತ್ತದೆ. ವಾಕಡ್, ಬಾಣೇರ್ ಕಡೆಯ ಸೊಸೈಟಿಗಳಲ್ಲಿ ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಬಂದರೆ ಅದು ಗಡಸು ನೀರಾಗಿರಬಹುದು, ಸೋಪು ನೊರೆ ಬರುವುದಿಲ್ಲ. ಕೊನೆಯ ಎರಡು ತೊಳೆತವನ್ನಾದರೂ ಪಾಲಿಕೆಯ ನೀರಿನಲ್ಲಿ ಮಾಡಿ. ಗಡಸು ನೀರಿನ ಸುಣ್ಣ ಸೋಡಾದ ಜೊತೆ ಸೇರಿ ನಾರಿನ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ.

ತೊಳೆಯುವಾಗಲೇ ಕಪ್ಪು ಚುಕ್ಕಿ, ಗಟ್ಟಿ ಗಂಟುಗಳನ್ನು ಬೆರಳಿಂದ ಹೆಕ್ಕಿ ತೆಗೆಯಿರಿ. ಬೇಸರದ ಕೆಲಸ, ಆದರೆ ಇದಕ್ಕೆ ಬದಲಿ ಇಲ್ಲ.

ಹಂತ 5: ಜಜ್ಜುವುದು

ಕಲ್ಲಿನ ಮೇಲೆ ನಾರಿನ ಉಂಡೆ ಇಟ್ಟು ಮರದ ಕೊಡತಿಯಿಂದ ಹೊಡೆಯಿರಿ. ಹರಡಿದಾಗ ಮಡಚಿ, ಸ್ವಲ್ಪ ನೀರು ಚಿಮುಕಿಸಿ ಮತ್ತೆ ಹೊಡೆಯಿರಿ. ಜಜ್ಜಿದಂತೆ ನಾರಿನ ಮೈ ಬಿರಿದು ಸಣ್ಣ ಸಣ್ಣ ಎಳೆಗಳು ಹೊರಬರುತ್ತವೆ, ನಾರು ನೀರು ಕುಡಿದು ಮೆತ್ತಗಾಗುತ್ತದೆ. ಒಂದಕ್ಕೊಂದು ತಾಗುವ ಜಾಗ ಹೆಚ್ಚುತ್ತದೆ. ಅಂಟು ಬೇಡ ಎಂದು ಮೊದಲೇ ಹೇಳಿದ್ದು ಈ ಹಂತದ ಧೈರ್ಯದಿಂದ.

ಈ ನಾರನ್ನು ಮಿಕ್ಸರಿಗೆ ಹಾಕಬೇಡಿ. ಉದ್ದ ನಾರು ಬ್ಲೇಡಿಗೆ ಸುತ್ತಿಕೊಳ್ಳುತ್ತದೆ, ಮೋಟಾರ್ ಸುಡುತ್ತದೆ. ಸುತ್ತಿಕೊಳ್ಳದಿದ್ದರೆ ನಾರು ಕತ್ತರಿಸಿಹೋಗುತ್ತದೆ, ಅದೂ ನಷ್ಟವೇ. ಕೊಡತಿ ಬಿರಿಸುತ್ತದೆ, ಬ್ಲೇಡು ಕತ್ತರಿಸುತ್ತದೆ. ಉದ್ದ ನಾರಿಗಾಗಿ ಇಷ್ಟು ಕಷ್ಟಪಟ್ಟು ಕೊನೆಗೆ ಕತ್ತರಿಸುವುದು ಬೇಡ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಕಲ್ಲಿನ ಕೆಳಗೆ ದಪ್ಪ ಕಂಬಳಿ ಹಾಸಿ, ಹಗಲು ಹೊತ್ತಲ್ಲಿ ಮಾಡಿ. ಕೆಳಗಿನ ಮನೆಯವರಿಗೂ ಒಂದು ಮಾತು ಹೇಳಿಬಿಡಿ.

ಆಯಿತೋ ಇಲ್ಲವೋ ನೋಡಲು ಗಾಜಿನ ಬಾಟಲಿ ಸಾಕು. ಚಿಟಿಕೆ ನಾರು, ಮುಕ್ಕಾಲು ಬಾಟಲಿ ನೀರು, ಚೆನ್ನಾಗಿ ಅಲುಗಾಡಿಸಿ ಬೆಳಕಿಗೆ ಹಿಡಿಯಿರಿ. ಎಳೆಗಳು ಬಿಡಿಬಿಡಿಯಾಗಿ, ಮೋಡದಂತೆ ತೇಲಿದರೆ ಸರಿ. ಹಗ್ಗದಂಥ ಕಟ್ಟುಗಳು ಕಂಡರೆ ಇನ್ನೂ ಹೊಡೆಯಬೇಕು.

ಹಂತ 6: ರಟ್ಟಿನ ಪಲ್ಪ್

ಇದು ಸುಲಭ. ಟೇಪು, ಪಿನ್ನು, ಲೇಬಲ್ ತೆಗೆದು ರಟ್ಟನ್ನು ಕೈಯಿಂದ ಹರಿಯಿರಿ. ಕತ್ತರಿ ಬೇಡ, ಕೈಯಿಂದ ಹರಿದರೆ ನಾರು ಉದ್ದವಾಗಿ ಉಳಿಯುತ್ತದೆ. ಒಂದು ದಿನ ನೆನೆಹಾಕಿ. ಮಿಕ್ಸರ್ ಜಾರಿಗೆ ಒಂದು ಹಿಡಿ ರಟ್ಟು, ಮುಕ್ಕಾಲು ಜಾರ್ ನೀರು. ಕೆಲವೇ ಸೆಕೆಂಡಿನಂತೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಒಟ್ಟು ಅರ್ಧ ನಿಮಿಷ ದಾಟಬಾರದು. ನುಣ್ಣಗಾದಷ್ಟೂ ಒಳ್ಳೆಯದು ಎಂದುಕೊಂಡು ನಿಮಿಷಗಟ್ಟಲೆ ರುಬ್ಬುವವರ ಹಾಳೆಯೇ ಮುಟ್ಟಿದರೆ ಪುಡಿಯಾಗುವುದು. ಜಾಲರಿಯಲ್ಲಿ ನೀರು ಇಳಿಯದೆ ನಿಂತುಬಿಟ್ಟರೆ ಅದೂ ಅತಿಯಾಗಿ ರುಬ್ಬಿದ ಗುರುತು. ಈ ಜಾರ್ ಕೂಡ ಇನ್ನು ಚಟ್ನಿಗಿಲ್ಲ.

ಹಂತ 7: ಟಬ್ಬಿನ ಲೆಕ್ಕ

ಎ4 ಅಳತೆಯ, ಸಾದಾ ಪ್ರಿಂಟರ್ ಕಾಗದದಷ್ಟು ದಪ್ಪದ ಒಂದು ಹಾಳೆಗೆ ಐದು ಗ್ರಾಂ ಒಣ ನಾರು ಬೇಕು. 20 ಹಾಳೆಗೆ 100 ಗ್ರಾಂ. ಅದರಲ್ಲಿ 30 ಗ್ರಾಂ ಕೊಂಬೆಯ ನಾರು, 70 ಗ್ರಾಂ ರಟ್ಟು ಇರಲಿ. ಇದು ಒಣ ತೂಕ ಎನ್ನುವುದನ್ನು ಮರೆಯಬೇಡಿ. ಕೈಯಲ್ಲಿ ಗಟ್ಟಿಯಾಗಿ ಹಿಂಡಿದ ಪಲ್ಪ್‌ನಲ್ಲೂ ಮುಕ್ಕಾಲು ಪಾಲು ನೀರೇ. ಹಾಗಾಗಿ ನಾರು ಎಷ್ಟಿದೆ ಎಂದು ನೆನೆಹಾಕುವ ಮುಂಚೆಯೇ ಬರೆದಿಡಿ, ಕೊಂಬೆಯ ನಾರಿಗೆ ಬೇಯಿಸುವಾಗಿನ ನಷ್ಟ ಕಳೆಯಿರಿ.

20 ಲೀಟರ್ ನೀರಿಗೆ ಈ 100 ಗ್ರಾಂ ಹಾಕಿದರೆ ಲೀಟರಿಗೆ ಐದು ಗ್ರಾಂ ಆಯಿತು. ನೋಡಿದರೆ ತೀರಾ ತೆಳು ಅನ್ನಿಸುತ್ತದೆ. ಹಾಗೇ ಇರಬೇಕು. ಕಾರ್ಖಾನೆಯ ಯಂತ್ರದ ಮೇಲೆ ಹರಿಯುವ ಪಲ್ಪ್‌ನಲ್ಲೂ ನೂರಕ್ಕೆ 99 ಭಾಗ ನೀರೇ. ದಪ್ಪ ಪಲ್ಪ್‌ನಲ್ಲಿ ನಾರುಗಳು ಮುದ್ದೆ ಕಟ್ಟುತ್ತವೆ, ಹಾಳೆ ಒಂದು ಕಡೆ ದಪ್ಪ ಇನ್ನೊಂದು ಕಡೆ ತೂತು.

ಉದ್ದ ನಾರು ಸಿಕ್ಕು ಬೀಳದಿರಲು ಬೆಂಡೆಕಾಯಿ ಲೋಳೆ ಹಾಕಿ. ಆಲೆಮನೆಯಲ್ಲಿ ಕಬ್ಬಿನ ಹಾಲಿನ ಕೊಳೆ ಎತ್ತಲು ಬಳಸುವ ಅದೇ ಲೋಳೆ. ನಾಲ್ಕೈದು ಬಲಿತ ಬೆಂಡೆಕಾಯಿ ಜಜ್ಜಿ ತಣ್ಣೀರಲ್ಲಿ ರಾತ್ರಿ ಇಟ್ಟು, ಬಟ್ಟೆಯಲ್ಲಿ ಸೋಸಿ. ಜಪಾನಿನ ಕಾಗದದವರು ಇದಕ್ಕೆ ಬೆಂಡೆಯ ಹತ್ತಿರದ ಬಳಗದ ಗಿಡವೊಂದರ ಬೇರನ್ನು ಬಳಸುತ್ತಾರೆ. ಲೋಳೆಯಿಂದ ನೀರು ನಿಧಾನ ಇಳಿಯುತ್ತದೆ, ನಾರು ಹರಡಲು ಸಮಯ ಸಿಗುತ್ತದೆ. ಶಾಖಕ್ಕೆ ಲೋಳೆ ಸಡಿಲವಾಗುತ್ತದೆ. ಏಪ್ರಿಲ್, ಮೇ ತಿಂಗಳಾದರೆ ಫ್ರಿಜ್ಜಿನಿಂದ ತೆಗೆದು ಆಗಾಗ ಸೇರಿಸುತ್ತಿರಿ.

ಹಂತ 8: ಹಾಳೆ ಎತ್ತುವುದು

ಟಬ್ಬನ್ನು ಪ್ರತಿ ಹಾಳೆಗೂ ಮುಂಚೆ ಕೈಯಾಡಿಸಿ ಕಲಕಬೇಕು, ನಾರು ತಳಕ್ಕೆ ಕೂರುತ್ತಿರುತ್ತದೆ. ಜಾಲರಿಯ ಚೌಕಟ್ಟನ್ನು ಒದ್ದೆ ಮಾಡಿ, ಮೇಲೆ ಖಾಲಿ ಚೌಕಟ್ಟು ಕೂರಿಸಿ, ಎರಡನ್ನೂ ಬಿಗಿಯಾಗಿ ಹಿಡಿಯಿರಿ. ಓರೆಯಾಗಿ ಟಬ್ಬಿನ ಆಚೆ ಬದಿಯಿಂದ ಇಳಿಸಿ, ತಳದಲ್ಲಿ ಅಡ್ಡ ಮಾಡಿ, ನೇರ ಮೇಲಕ್ಕೆ ಎತ್ತಿ. ಎತ್ತುವಾಗ ನಿಲ್ಲಿಸಬಾರದು.

ನೀರು ಮೇಲಿರುವಾಗಲೇ ಮುಂದೆ ಹಿಂದೆ ಒಮ್ಮೆ, ಎಡ ಬಲ ಒಮ್ಮೆ ಹಗುರವಾಗಿ ಅಲುಗಿಸಿ. ನಾರುಗಳು ಎರಡೂ ದಿಕ್ಕಿಗೆ ಹೆಣೆಯುವುದು ಆ ಎರಡು ಮೂರು ಕ್ಷಣದಲ್ಲಿ. ನೀರು ಇಳಿದ ಮೇಲೆ ಅಲುಗಿಸಿದರೆ ಹಾಳೆ ಸೀಳುತ್ತದೆ. ಮೇಲ್ಮೈಯ ಹೊಳಪು ಆರಿದಾಗ ಮೇಲಿನ ಚೌಕಟ್ಟು ತೆಗೆಯಿರಿ. ಅದರಿಂದ ಒಂದು ಹನಿ ನೀರು ಹಾಳೆಗೆ ಬಿದ್ದರೂ ಅಲ್ಲಿ ತೂತಿನಂಥ ಗುರುತು ಉಳಿಯುತ್ತದೆ.

ಕೆಟ್ಟರೆ ಬೇಸರವಿಲ್ಲ. ಜಾಲರಿಯನ್ನು ಬೋರಲು ಮಾಡಿ ನೀರಿಗೆ ತಾಗಿಸಿದರೆ ಪಲ್ಪ್ ಟಬ್ಬಿಗೆ ವಾಪಸ್. ನಾಲ್ಕೈದು ಹಾಳೆ ಎತ್ತಿದ ಮೇಲೆ ಟಬ್ಬು ತೆಳುವಾಗುತ್ತದೆ, ಹಾಳೆಯೂ ತೆಳುವಾಗುತ್ತದೆ. ಅದಕ್ಕೆ ಸ್ವಲ್ಪ ಪಲ್ಪ್ ಬೇರೆ ಪಾತ್ರೆಯಲ್ಲಿ ಉಳಿಸಿಕೊಂಡು ಆಗಾಗ ಸೇರಿಸಿ.

ಹಂತ 9: ಬಟ್ಟೆಗೆ ಇಳಿಸುವುದು

ಒದ್ದೆ ಕಂಬಳಿ, ಅದರ ಮೇಲೆ ಒದ್ದೆ ಪಂಚೆಯ ತುಂಡು, ಸುಕ್ಕಿಲ್ಲದೆ ಹಾಸಿ. ಒಣ ಬಟ್ಟೆಗೆ ಹಾಳೆ ಇಳಿಯುವುದಿಲ್ಲ, ಇದೇ ಜಾಲರಿಗೆ ಅಂಟುವ ತೊಂದರೆಯ ಮೊದಲ ಕಾರಣ. ಚೌಕಟ್ಟಿನ ಉದ್ದದ ಅಂಚನ್ನು ಬಟ್ಟೆಯ ಮೇಲೆ ನಿಲ್ಲಿಸಿ, ಒತ್ತುತ್ತಾ ಉರುಳಿಸಿ, ಆಚೆ ಅಂಚಿಂದ ಎಬ್ಬಿಸಿ. ಒಂದೇ ಚಲನೆ. ಏಳಲು ಹಠ ಮಾಡಿದರೆ ಜಾಲರಿಯ ಬೆನ್ನಿಗೆ ಸ್ಪಂಜು ಒತ್ತಿ ನೀರು ಹೀರಿ. ಆಗಲೂ ಏಳದಿದ್ದರೆ ಪಲ್ಪ್ ತೀರಾ ತೆಳು ಅಥವಾ ಅತಿಯಾಗಿ ರುಬ್ಬಿದ್ದು. ಮೇಲೆ ಇನ್ನೊಂದು ಒದ್ದೆ ಬಟ್ಟೆ ಹಾಸಿ ಮುಂದಿನ ಹಾಳೆ.

ಹಂತ 10: ಒತ್ತುವುದು

ಹತ್ತು ಹಾಳೆಯ ರಾಶಿಯನ್ನು ಎರಡು ಹಲಗೆಯ ನಡುವೆ ಇಟ್ಟು ನಾಲ್ಕು ಕ್ಲ್ಯಾಂಪ್ ಹಾಕಿ. ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ, ಸರದಿಯಲ್ಲಿ ಬಿಗಿಯಿರಿ. ಮೊದಲ ಹತ್ತು ನಿಮಿಷ ನೀರು ಹನಿಯುವಷ್ಟೇ ಒತ್ತಡ, ಆಮೇಲೆ ಜಾಸ್ತಿ. ಒಮ್ಮೆಲೇ ಬಿಗಿದರೆ ನೀರಿಗೆ ಹೊರಹೋಗಲು ದಾರಿ ಸಿಗದೆ ಪಲ್ಪ್ ಪಕ್ಕಕ್ಕೆ ಜಾರುತ್ತದೆ, ಹಾಳೆಯಲ್ಲಿ ಅಲೆಯಂಥ ಗುರುತು ಬೀಳುತ್ತದೆ. ಪುಸ್ತಕ ಹೇರಿದರೆ ಸಾಕು ಎನ್ನುವ ಸಲಹೆ ಕೇಳಬೇಡಿ, ಆ ಭಾರ ಏನೇನೂ ಸಾಲದು. ಒತ್ತುವುದು ಬರೀ ನೀರು ತೆಗೆಯಲು ಅಲ್ಲ, ನಾರುಗಳನ್ನು ಹತ್ತಿರ ತರಲೂ ಹೌದು. ಒಂದೆರಡು ಗಂಟೆ ಹಾಗೇ ಬಿಡಿ.

ಹಂತ 11: ಒಣಗಿಸುವುದು

ಮುದುಡುವ ಹಾಳೆಯ ಗುಟ್ಟು ಇಲ್ಲಿದೆ. ಒಣಗುವಾಗ ನಾರು ಕುಗ್ಗುತ್ತದೆ. ಹಾಳೆಯನ್ನು ಹಗ್ಗಕ್ಕೆ ತೂಗಿದರೆ, ಬಿಸಿಲಿಗೆ ಬಿಡಿಯಾಗಿ ಹಾಕಿದರೆ, ಅಂಚು ಮೊದಲು ಕುಗ್ಗಿ ನಡುವೆ ಉಬ್ಬುತ್ತದೆ. ಅದಕ್ಕೇ ಒತ್ತಿದ ಹಾಳೆಯನ್ನು ಬಟ್ಟೆಯ ಸಮೇತ ಎತ್ತಿ ಗಾಜಿಗೆ ಹಚ್ಚಿ, ಬಟ್ಟೆಯ ಮೇಲೆ ಬ್ರಶ್ಶಿನಿಂದ ನಡುವಿನಿಂದ ಅಂಚಿಗೆ ಸವರಿ, ಬಟ್ಟೆ ಮಾತ್ರ ಮೆಲ್ಲಗೆ ಸುಲಿಯಿರಿ. ಅಂಚುಗಳು ಪೂರ್ತಿ ಕಚ್ಚಿಕೊಂಡಿರಬೇಕು. ಗಾಜಿನ ಕಡೆ ಬರುವ ಮೈ ನುಣುಪಾಗುತ್ತದೆ, ಬರೆಯಲು ಅದೇ ಒಳ್ಳೆಯದು.

ಪುಣೆಯ ಬೇಸಿಗೆಯ ಒಣ ಗಾಳಿಯಲ್ಲಿ ಅಂಚು ಬೇಗ ಆರಿ ಕಿತ್ತು ಬರುತ್ತದೆ. ಫ್ಯಾನ್ ಹಾಕಬೇಡಿ, ನೆರಳಲ್ಲಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆಕ್ಕ ತಿರುಗುತ್ತದೆ. ಮುಂಬೈ, ಗೋವಾದಲ್ಲಂತೂ ಹಾಳೆ ಎರಡು ಮೂರು ದಿನವಾದರೂ ಆರದೆ ಬೂಸ್ಟು ಹಿಡಿಯುತ್ತದೆ. ಆಗ ಜೋರಾಗಿ ಒತ್ತಿ, ಫ್ಯಾನ್ ಹಾಕಿ, ಒಮ್ಮೆಗೆ ಕಡಿಮೆ ಹಾಳೆ ಮಾಡಿ. ಹಾಳೆ ತಣ್ಣಗೆ ತಾಗಿದರೆ ಇನ್ನೂ ಒದ್ದೆ ಇದೆ ಎಂದರ್ಥ, ಕೀಳಬೇಡಿ.

ಹಂತ 12: ಶಾಯಿ ಹರಡದಂತೆ ಮಾಡುವುದು

ಈ ಹಾಳೆಯ ಮೇಲೆ ಇಂಕ್ ಪೆನ್ನಿನಿಂದ ಬರೆದರೆ ಅಕ್ಷರ ಹರಡುತ್ತದೆ. ಕೆಟ್ಟಿದೆ ಎಂದುಕೊಳ್ಳಬೇಡಿ, ಸೈಜಿಂಗ್, ಅಂದರೆ ಶಾಯಿ ತಡೆಯುವ ಲೇಪ, ಆಗಿಲ್ಲ ಅಷ್ಟೇ. ಪೂರ್ತಿ ಒಣಗಿದ ಹಾಳೆಗೆ ಒಂದೆರಡು ದಿನ ಬಿಟ್ಟು, 100 ಮಿಲಿ ಬಿಸಿನೀರಿಗೆ ಎರಡು ಗ್ರಾಂ ಜೆಲಟಿನ್ ಕರಗಿಸಿ, ಉಗುರುಬೆಚ್ಚಗಿರುವಾಗ ಅಗಲ ಬ್ರಶ್ಶಿನಿಂದ ಎರಡೂ ಮೈಗೆ ಬಳಿಯಿರಿ. ಜೆಲಟಿನ್ ಪ್ರಾಣಿಮೂಲದ್ದು, ಬೇಡ ಎನ್ನುವವರು ಸಾಬಕ್ಕಿ ಬೇಯಿಸಿದ ತೆಳು ಗಂಜಿ ಸೋಸಿ ಬಳಸಬಹುದು. ಅದು ಶಾಯಿ ಹರಡುವುದನ್ನು ತಗ್ಗಿಸುತ್ತದೆ, ಆದರೆ ಜೆಲಟಿನ್‌ನಷ್ಟು ನೀರು ತಡೆಯುವುದಿಲ್ಲ. ಗಂಜಿಗೆ ಹುಳುವೂ ಬರುತ್ತದೆ, ಡಬ್ಬಿಯಲ್ಲಿ ಒಣದಾಗಿಡಿ. ಪಟಿಕ ಸೇರಿಸಿ ಎನ್ನುವವರಿದ್ದಾರೆ. ಪಟಿಕ ಆಮ್ಲೀಯ, ವರ್ಷಗಳು ಕಳೆದಂತೆ ಹಾಳೆ ಮುರುಕಲಾಗುತ್ತದೆ. ನಾನು ಹಾಕುವುದಿಲ್ಲ.

ಉಳಿದ ಪಲ್ಪ್, ಉಳಿದ ನೀರು

ಟಬ್ಬಿನ ನೀರನ್ನು ಸಿಂಕಿಗೆ ಸುರಿಯಲೇಬೇಡಿ. ಪಲ್ಪ್ ಪೈಪಿನೊಳಗೆ ಕೂತು ಗಟ್ಟಿಯಾಗುತ್ತದೆ, ಇಡೀ ಕಟ್ಟಡದ ಚೇಂಬರ್ ಕಟ್ಟಿಕೊಳ್ಳುತ್ತದೆ. ಮೊದಲು ದಪ್ಪ ಬಟ್ಟೆಯಲ್ಲಿ ಸೋಸಿ, ಬರೀ ನೀರನ್ನು ಗಿಡಕ್ಕೆ ಹಾಕಿ. ಬೇಯಿಸಿದ ಕಂದು ನೀರು ಬೇರೆ ಲೆಕ್ಕ. ಅದನ್ನು ಗಿಡಕ್ಕೆ ಹಾಕಬೇಡಿ, ಕ್ಷಾರ ಇದೆ. ತಣ್ಣಗಾದ ಮೇಲೆ ಅಗಲ ಬಕೆಟ್ಟಿನಲ್ಲಿ ವಿನೆಗರ್ ಸ್ವಲ್ಪ ಸ್ವಲ್ಪ ಸೇರಿಸಿ. ನೊರೆ ಉಕ್ಕುತ್ತದೆ, ಮೆಲ್ಲಗೆ ಮಾಡಿ. ನೀರೇ ಕಂದು ಬಣ್ಣದ್ದಾದ್ದರಿಂದ ಒಂದು ಚಮಚ ತೆಗೆದು ಸಾಕಷ್ಟು ತಿಳಿ ನೀರಿನಲ್ಲಿ ಬೆರೆಸಿ, ಅರಿಶಿನದ ಪಟ್ಟಿಗೆ ಹನಿಸಿ ನೋಡಿ. ಕೆಂಪಾಗುವುದು ನಿಂತ ಮೇಲೆ ಇನ್ನಷ್ಟು ನೀರು ಬೆರೆಸಿ ಶೌಚಾಲಯಕ್ಕೆ ಬಿಡಿ. ಮಳೆನೀರಿನ ಗಟಾರಕ್ಕೆ ಬೇಡ, ಅದು ನೇರ ಮುಳಾ-ಮುಠಾ ಸೇರುತ್ತದೆ.

ಸೋಸಿ ಉಳಿದ ಪಲ್ಪ್ ಅನ್ನು ಗಟ್ಟಿಯಾಗಿ ಹಿಂಡಿ ಫ್ರಿಜ್ಜಿನಲ್ಲಿಟ್ಟರೆ ಕೆಲವು ದಿನ ಬರುತ್ತದೆ. ಹುಳಿ ವಾಸನೆ ಬಂದರೆ ಕಾಂಪೋಸ್ಟಿಗೆ ಹಾಕಿ. ಫ್ರಿಜ್ಜಲ್ಲಿ ಜಾಗ ಇಲ್ಲದಿದ್ದರೆ ಬಿಲ್ಲೆ ತಟ್ಟಿ ಪೂರ್ತಿ ಒಣಗಿಸಿ. ಮುಂದಿನ ಸಲ ಆ ಬಿಲ್ಲೆಯನ್ನು ಒಂದು ದಿನ ನೆನೆಸಿ, ಮಿಕ್ಸರಿಗೆ ಹಾಕದೆ ಕೈಯಿಂದಲೇ ಬಿಡಿಸಿ ಹೊಸ ಪಲ್ಪ್ ಜೊತೆ ಸೇರಿಸಿ. ಒಮ್ಮೆ ಒಣಗಿದ ನಾರಿನ ಹಿಡಿತ ಕಡಿಮೆಯಾದ್ದರಿಂದ ಅದರ ಪಾಲು ಟಬ್ಬಿನಲ್ಲಿ ನಾಲ್ಕನೇ ಒಂದು ಭಾಗ ಮೀರದಿರಲಿ.